ಯಂತ್ರಕ್ಕೆ ಸಿಕ್ಕ ಅಮಾವಾಸ್ಯೆ

ನಮ್ಮ ಆದೋನಿಯಲ್ಲಿ ಹತ್ತಿಗೆ ಬೆಂಕಿ ಬಿದ್ದರೆ ಮೊದಲು ಉರಿ ಕಾಣಿಸುವುದಿಲ್ಲ. ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಮೂಗು ಚುರುಕಾದವರು ಯಾರಾದರೂ ಹತ್ತಿರವಿದ್ದರೆ ಸರಿ, ಇಲ್ಲದಿದ್ದರೆ ಗೋದಾಮಿಗೆ ಗೋದಾಮೇ ಹೋಗುತ್ತದೆ. ಚಿಕ್ಕಂದಿನಲ್ಲಿ ಮಾಳಿಗೆಯ ಮೇಲೆ ನಿಂತು ಅಂಥದೊಂದು ಹೊಗೆ ನೋಡಿದ್ದೆ. ಆಮೇಲೆ ಬಹಳ ದಿನ ಅಡುಗೆಮನೆಯ ಹೊಗೆಗೂ ಹೆದರುತ್ತಿದ್ದೆ. ಈ ಭಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕೆಲಸಕ್ಕೂ ಬೆಂಕಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ.

ಊರಿಗೆ ಇಂಟರ್ನೆಟ್ ಕೊಡುವ ಒಂದು ಸಣ್ಣ ಆಫೀಸಿನಲ್ಲಿದ್ದೇನೆ. ಹೊಳಗುಂದದವರೆಗೂ ನಮ್ಮ ವೈರು ಹೋಗಿದೆ. ಮನೆ, ಅಂಗಡಿ, ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು, ಎಲ್ಲ ಕಡೆಯೂ ಗೋಡೆಗೊಂದು ಡಬ್ಬಿ. ಯಾವ ಡಬ್ಬಿ ಜೀವಂತವಿದೆ, ಯಾವುದು ಆರಿದೆ ಎಂದು ತೋರಿಸುವ ಸಾಫ್ಟ್‌ವೇರ್ ಒಂದಿದೆ. ಮೊದಲು ಅದನ್ನು ಕಣ್ಣು ಕೆಂಪಾಗುವ ತನಕ ನಾನೇ ನೋಡುತ್ತಿದ್ದೆ. ಈಗ ಆ ಕೆಲಸ ಎಐ ಏಜೆಂಟ್‌ನದು. ಸಾಫ್ಟ್‌ವೇರನ್ನು ಹೇಗೆ ಬಳಸಬೇಕು, ಕೆಂಪು ಚುಕ್ಕೆ ಬಂದರೆ ಏನರ್ಥ, ಯಾವಾಗ ಮನುಷ್ಯರನ್ನು ಕರೆಯಬೇಕು ಎಂದು ಅದಕ್ಕೊಂದು ಕೈಪಿಡಿ ಬರೆದುಕೊಡುವುದು ನನ್ನ ಪಾಲಿಗೆ ಬಂತು.

ಕನ್ನಡದಲ್ಲೇ ಬರೆದೆ. ಆಂಧ್ರದ ಊರು, ಬಜಾರಿನಲ್ಲಿ ತೆಲುಗು ನಡೆಯುತ್ತದೆ, ಬಿಲ್ಲಿಗೆ ಇಂಗ್ಲಿಷು ಸಾಕು. ಬಿಡಿಸಿ ಹೇಳಬೇಕೆಂದರೆ ಮಾತ್ರ ನನಗೆ ಕನ್ನಡವೇ ಬೇಕು. ಮೊದಲ ಸಾಲು: "ಗೊತ್ತಾಗದಿದ್ದರೆ ಕೇಳು." ಹೊಸದಾಗಿ ಸೊಸೆಯಾಗಿ ಬಂದಾಗ ನನಗೆ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟು ಸಾರಿನ ಉಪ್ಪು ಸರಿಯಾಗುತ್ತಿತ್ತೋ!

ಏಜೆಂಟ್ ಕೆಲಸ ಶುರು ಮಾಡಿದ ಮೇಲೆ ಒಂದು ರಗಳೆ ಹುಟ್ಟಿತು. ತಿಂಗಳಿಗೊಮ್ಮೆ ಮಿಲ್ಲುಗಳ ಡಬ್ಬಿಗಳು ಒಟ್ಟಿಗೆ ಕೆಂಪಾಗುತ್ತಿದ್ದವು. ಏಜೆಂಟ್ ನಮ್ಮ ಆಫೀಸಿನ ಮಾಲೀಕರ ಫೋನಿಗೆ ಒಂದರ ಮೇಲೊಂದು ಎಚ್ಚರಿಕೆ ಕಳಿಸುತ್ತಿತ್ತು. ಕಾರಣ ಊರಿಗೆಲ್ಲ ಗೊತ್ತು: ಅಮಾವಾಸ್ಯೆಯ ಬೆಳಿಗ್ಗೆ ಮಿಲ್ಲಿನವರು ಯಂತ್ರಗಳಿಗೆ ಪೂಜೆ ಮಾಡಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮೇನ್ ಸ್ವಿಚ್ ಆರಿಸಿ ಮನೆಗೆ ಹೋಗುತ್ತಾರೆ. ಎಲ್ಲರಿಗೂ ಗೊತ್ತಿದ್ದರಿಂದಲೇ ನಾನು ಬರೆದಿರಲಿಲ್ಲ. ಬರೆಯೋಣವೆಂದು ಕೂತ ದಿನ ಏಜೆಂಟ್‌ನ ವರದಿ ಬಂದಿತ್ತು. "ಮಿಲ್ಲುಗಳು ಒಟ್ಟಿಗೆ ಸುಮ್ಮನಾಗುವ ದಿನ ಒಂದೇ ತಾರೀಖಿಗೆ ನಿಲ್ಲುತ್ತಿಲ್ಲ, ಸ್ವಲ್ಪ ಸ್ವಲ್ಪ ಮುಂಚೆ ಬರುತ್ತಿದೆ. ಚಂದ್ರನ ಲೆಕ್ಕಕ್ಕೆ ಹೊಂದುತ್ತದೆ. ಅಮಾವಾಸ್ಯೆಯ ರಜೆಯೇ?"

ಮೈ ಜುಮ್ಮೆಂದಿತು. ಆಕಾಶವನ್ನೇ ಕಾಣದ ವಸ್ತು ನಮ್ಮ ಮಿಲ್ಲುಗಳ ಸ್ವಿಚ್ಚಿನಲ್ಲಿ ಚಂದ್ರನನ್ನು ಹುಡುಕಿತ್ತು. ಅವತ್ತು ಮನೆಗೆ ಹೋಗುವಾಗ ಕೋಟೆ ಗುಡ್ಡದ ಕಡೆ ಕತ್ತೆತ್ತಿ ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಚಂದ್ರನೇ ನನಗೆ ಹೊಸಬನಂತೆ ಕಂಡ.

ಮಾಲೀಕರಿಗೆ ಜುಮ್ಮೆನ್ನಲಿಲ್ಲ. "ಚಾಲು ತಲ್ಲೀ, ಚಾಲು! ಸಾಕಾಗೈತಿ. ಪೂಜಿಗೆ ಕುಂತ್ರ ಫೋನ್ ಹೊಡಕೊಂತನ ಇರ್ತೈತಿ. ಅಮಾಸಿ ದಿನ ಮಿಲ್ಲಿನ ಸುದ್ದಿ ಬ್ಯಾಡ ಅಂತ ಒಂದು ಸಾಲು ಬರಿ, ಮುಗೀತು" ಎಂದರು.

ಬರೆಯಲು ಕೈ ಓಡಲಿಲ್ಲ. ಒಂದು ಮಿಲ್ಲಿನೊಳಗೇ ಕಾವಲಿನ ಗಂಡ ಹೆಂಡತಿ ವಾಸವಿದ್ದಾರೆ. ಎಲ್ಲ ಮುಚ್ಚಿದ ದಿನವೂ ಅವರು ಅಲ್ಲೇ. ಅವತ್ತೇ ಹತ್ತಿಗೆ ಕಿಡಿ ತಾಗಿದರೆ? ಸಾಫ್ಟ್‌ವೇರಿನಲ್ಲಿ ಡಬ್ಬಿಗೆ ನಂಬರ್ ಇದೆ, ಮನುಷ್ಯರಿಗೆ ಜಾಗವಿಲ್ಲ. ಸಂಬಳ ಕೊಡುವವರ ಮಾತು, ಬರೆದೆ. ನನ್ನ ಸಮಾಧಾನಕ್ಕೆ ಅದರ ಬಾಲಕ್ಕೆ ಕಾರಣವನ್ನೂ ಕಟ್ಟಿದೆ: "ಏಕೆಂದರೆ ಅವತ್ತು ಬೆಳಿಗ್ಗೆ ಪೂಜೆ ಮುಗಿಸಿ ಮೇನ್ ಸ್ವಿಚ್ ಆರಿಸುತ್ತಾರೆ."

"ಮಷೀನಿಗೆ ಪುರಾಣ ಯಾಕಮ್ಮ?" ಎಂದರು ಮಾಲೀಕರು. ನಾನು ಕೇಳಿಸದವಳಂತೆ ಚಹಾ ಕುಡಿದೆ.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ, ಊಟ ಮಾಡಿ ಆಕಳಿಸುತ್ತಿದ್ದಾಗ ಏಜೆಂಟ್‌ನ ಸಂದೇಶ ಬಂತು. "ಇಂದು ಅಮಾವಾಸ್ಯೆ, ಬೇರೆ ಮಿಲ್ಲುಗಳ ಬಗ್ಗೆ ಹೇಳುವುದಿಲ್ಲ. ಈ ಡಬ್ಬಿ ಮಾತ್ರ ಹಿಂದಿನ ಯಾವ ಅಮಾವಾಸ್ಯೆಯಲ್ಲೂ ಆರಿಲ್ಲ. ಇಂದು ಆರಿದೆ, ಪೂಜೆಯ ಹೊತ್ತಿನಲ್ಲೂ ಅಲ್ಲ. ಪಕ್ಕದ ಓಣಿಯ ಡಬ್ಬಿಗಳು ನಡೆಯುತ್ತಿವೆ, ಅಲ್ಲಿ ಕರೆಂಟ್ ಇದೆ. ನೀವು ಬರೆದ ಕಾರಣ ಇದಕ್ಕೆ ಹೊಂದುತ್ತಿಲ್ಲ. ಏನೆಂದು ಗೊತ್ತಾಗದೆ ಕೇಳುತ್ತಿದ್ದೇನೆ."

ಅದು ಆ ಕಾವಲಿನ ಗಂಡ ಹೆಂಡತಿಯ ಮಿಲ್ಲು. ಅವರು ಅಲ್ಲೇ ಇರುವುದರಿಂದ ಅಲ್ಲಿ ಮಾತ್ರ ಮೇನ್ ಆರಿಸುವುದಿಲ್ಲ.

ಅವರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಹೆಂಡತಿ ಎತ್ತಿದಳು. "ಹೋಳಿಗಿ ಉಂಡು ಮಲಗಿದ್ವಿರೀ ಅಕ್ಕಾರ. ಫ್ಯಾನ್ ನಿಂತೈತಿ, ಕರೆಂಟ್ ಹೋಗೈತಿ ಅನ್ಕೊಂಡ್ವಿ."

"ಗಂಡನ್ನ ಎಬ್ಬಿಸು. ಮೇನ್ ಆಫ್ ಮಾಡಿ ಡಬ್ಬಿ ಇರೋ ಆಫೀಸ್ ಖೋಲಿ ಕಡಿ ನೋಡ್ರಿ. ಹೊಗಿ ವಾಸನಿ ಐತೇನು?"

ಫೋನಿನಲ್ಲಿ ಚಪ್ಪಲಿ ಸದ್ದು ಓಡಿತು. ಆಮೇಲೆ ಆಕೆಯ ಕೂಗು: "ಯಪ್ಪಾ! ಹತ್ತಿ ಚೀಲದಾಗ ಹೊಗಿ ಬರಾಕತ್ತೈತಿ!"

ಗೋಡೆಯ ವೈರು ಸುಟ್ಟು, ಅದಕ್ಕೆ ತಾಗಿಸಿಟ್ಟ ಚೀಲ ಒಳಗೇ ಬೇಯುತ್ತಿತ್ತು. ಗೋಡೆಯ ಆಚೆಗೆ ಅವರು ಮಲಗುವ ಕೋಣೆ. ಇಬ್ಬರೂ ಚೀಲವನ್ನು ಅಂಗಳಕ್ಕೆ ಎಳೆದು ನೀರು ಸುರಿದರು. ಫೈರ್ ಎಂಜಿನ್ ಬರುವಷ್ಟರಲ್ಲಿ ಆರಿತ್ತು. ನಾನು ಹೋದಾಗ ಆಕೆ ಒದ್ದೆ ಸೀರೆಯಲ್ಲಿ ಕಟ್ಟೆಯ ಮೇಲೆ ಕೂತು ಸೆರಗು ಹಿಂಡುತ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಅದರ ಮುಂದಿನ ಅಮಾವಾಸ್ಯೆಗೆ ಆಕೆ ನಿಂಬೆಹಣ್ಣು ಹಿಡಿದು ನಮ್ಮ ಆಫೀಸಿಗೆ ಬಂದಳು. "ಎಲ್ಲೈತ್ರಿ ಅಕ್ಕಾರ ಅದು?" ಎಲ್ಲಿದೆ ಎಂದು ನನಗಾದರೂ ಏನು ಗೊತ್ತು? ನನ್ನ ಕಂಪ್ಯೂಟರ್ ತೋರಿಸಿದೆ. ಪರದೆಗೆ ನಿವಾಳಿಸಿ ದೃಷ್ಟಿ ತೆಗೆದಳು. "ಮಂದಿ ಕಣ್ಣು ಬಿದ್ದಿರ್ತೈತಿ, ಪಾಪ." ಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಬಂದಿದ್ದ ಮಾಲೀಕರು ನೋಡುತ್ತಾ ನಿಂತಿದ್ದರು.

ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು. "ನಾವಿಬ್ರು ಅಲ್ಲಿರೋದು ಅದಕ್ಕ ಯಾರು ಹೇಳಿದ್ರಿ?"

ಯಾರೂ ಹೇಳಿರಲಿಲ್ಲ. ಆ ಒಂದು ಡಬ್ಬಿ ಅಮಾವಾಸ್ಯೆಗೂ ಆರುವುದಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತಿದ್ದದ್ದು. ಆಕೆ ಹೋದ ಮೇಲೆ ಕೈಪಿಡಿ ತೆರೆದು ಆ ಡಬ್ಬಿಯ ನಂಬರಿನ ಕೆಳಗೆ ಬರೆದೆ: "ಇಲ್ಲಿ ಗಂಡ ಹೆಂಡತಿ ಇರುತ್ತಾರೆ."