ಮಾವನ ಮಾಡೋ ಮಾತುಗಳು

ನಮ್ಮ ಮಾವ ಕಟಿಂಗ್ ಮಾಸ್ಟರ್. ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದಾರೆ. ಉದ್ದನೆಯ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ಅದರ ಮೇಲೆ ಕಾಗದದ ಪ್ಯಾಟರ್ನ್ ಇಟ್ಟು, ಮಷಿನ್ನಿನ ಕತ್ತಿ ಒಮ್ಮೆ ಓಡಿಸಿದರೆ ಎಂಬತ್ತು ಅಂಗಿಯ ತೋಳು ಒಟ್ಟಿಗೆ ಸಿದ್ಧವಾಗುತ್ತವೆ. ತಪ್ಪಿದರೆ ಎಂಬತ್ತೂ ಒಟ್ಟಿಗೆ ತಪ್ಪುತ್ತವೆ. ಮನೆಯಲ್ಲಿ ಸೊಸೆಯಾದ ನಾನೊಬ್ಬಳು ಅವರನ್ನು ಮಾವ ಎನ್ನುತ್ತೇನೆ, ಹೊರಗಿನವರಿಗೆಲ್ಲ ಅವರು ಮಾಸ್ಟರ್.

ಮಾವನಿಗೆ ಇಂಗ್ಲಿಷ್ ಬಾರದು. ನಮ್ಮ ಭಾಷೆಯ ಪೇಪರನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಬಿಡದೆ ಓದುತ್ತಾರೆ, ಅಂಕಿಗಳಲ್ಲಂತೂ ಯಾರಿಗೂ ಸೋಲುವವರಲ್ಲ. ಆದರೆ ಕಾರ್ಖಾನೆಗೆ ಬರುವ ಆರ್ಡರ್ ಶೀಟು ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ. ನನಗೆ ಬಾರದು ಎಂದು ಒಂದು ಸಲ ಹೇಳಿದ್ದರೆ ಯಾರೂ ಅವರ ತಲೆ ತೆಗೆಯುತ್ತಿರಲಿಲ್ಲ. ಹೇಳಲಿಲ್ಲ. ಅದರ ಬದಲು ಒಂದು ಶಾಸ್ತ್ರ ಹುಟ್ಟಿಸಿದರು. ಬಟ್ಟೆ ಮುಟ್ಟುವ ಕೈ ಕಾಗದ ಮುಟ್ಟಬಾರದು, ಮಸಿ ಹತ್ತುತ್ತದೆ! ಹಾಗಾಗಿ ಶೀಟನ್ನು ಬೇರೊಬ್ಬರು ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು, ಮಾಸ್ಟರ್ ಬಟ್ಟೆ ಸವರುತ್ತ ಮೇಜು ಸುತ್ತಬೇಕು, ಕೊನೆಯ ಸಾಲು ಮುಗಿದ ಮೇಲೆ ಕತ್ತಿ ಓಡಬೇಕು. ಅವರ ಕೈಕೆಳಗೆ ಪಳಗಿ ಬೇರೆ ಕಡೆ ಕೆಲಸಕ್ಕೆ ಸೇರಿದವರು ಅಲ್ಲಿಯೂ ಇದನ್ನೇ ನಡೆಸುತ್ತಿದ್ದಾರಂತೆ. ಮುಚ್ಚಿಡಲು ಹೂಡಿದ ಆಟ ಕಸುಬಿನ ಮಡಿಯಾಗಿ ಕೂತುಬಿಟ್ಟಿತ್ತು.

ಶೀಟು ಓದುತ್ತಿದ್ದವಳಿಗೆ ಎಲ್ಲರೂ ಶೀಟಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷ ಮಾವನ ಮೇಜಿನ ಪಕ್ಕ ನಿಂತು ಓದಿದವಳು. ಮಾವನಿಗೆ ಅಣ್ಣ ಎನ್ನುತ್ತಿದ್ದಳು. ನನ್ನ ಮದುವೆಗೆ ಬಂದು ಎರಡು ದಿನ ಇದ್ದು, ಪಾತ್ರೆ ತೊಳೆಯುವವರೆಗೆ ಎಲ್ಲಕ್ಕೂ ಕೈ ಹಾಕಿ ಹೋಗಿದ್ದಳು.

ಒಂದು ಬೆಳಿಗ್ಗೆ, ಮರೆವಿನ ಕಾಯಿಲೆಯಿದ್ದ ಅವಳ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳೆಂದು ಫೋನ್ ಬಂತು. ಹೊರಡುವ ಗಡಿಬಿಡಿಯಲ್ಲೂ ಅವಳು ಶೀಟನ್ನು ಮೇಜಿನ ಮೇಲಿಟ್ಟು, "ಅಣ್ಣ, ಇದ್ರಲ್ಲಿ ಹೊಸ ಸಾಲೊಂದಿದೆ. ನಾನು ಮಧ್ಯಾಹ್ನ ಬಂದು ಓದೋವರೆಗೂ ಕತ್ತಿ ಓಡಿಸ್ಬೇಡಿ" ಎಂದು ಹೇಳಿಯೇ ಹೋದಳು. ಅರ್ಧ ಗಂಟೆಯಲ್ಲಿ ಕಾರ್ಖಾನೆಯ ಯಜಮಾನರು ಬಂದು, ಬಟ್ಟೆ ಹಾಸಿ ಸುಮ್ಮನೆ ಯಾಕೆ ಕೂತಿದ್ದೀರಿ ಎಂದರು. ಮಾವ ಶೀಟನ್ನು ಕೈಗೆತ್ತಿಕೊಂಡು, ಮೇಲಿಂದ ಕೆಳಗೆ ಕಣ್ಣಾಡಿಸಿ, ತಲೆಯಾಡಿಸಿದರು. "ಓದಿದ್ರಾ?" ಎಂದು ಯಜಮಾನರು ಕೇಳಿದ್ದಕ್ಕೆ "ಹೂಂ" ಎಂದರು. ಕತ್ತಿ ಓಡಿತು. ಶೀಟಕ್ಕನಿಗೆ ಆ ಮಧ್ಯಾಹ್ನ ಅಮ್ಮನನ್ನು ಬಿಟ್ಟು ಬರಲಾಗಲಿಲ್ಲ, ಅವಳು ಮರಳುವಷ್ಟರಲ್ಲಿ ಬಟ್ಟೆ ಹೊಲಿಗೆಗೆ ಹೋಗಿತ್ತು.

ಹೊಲಿಗೆಗೆಂದು ಪ್ರತಿ ಅಂಚಿಗೂ ಅರ್ಧ ಇಂಚು ಮಾರ್ಜಿನ್ ಸೇರಿಸಿ ಕತ್ತರಿಸಬೇಕು ಎಂದು ಆ ಹೊಸ ಸಾಲಿನಲ್ಲಿತ್ತು. ಯಾವಾಗಲೂ ಪ್ಯಾಟರ್ನಿನಲ್ಲೇ ಮಾರ್ಜಿನ್ ಸೇರಿರುತ್ತಿತ್ತು, ಈ ಸಲ ಇರಲಿಲ್ಲ. ಅಂಗಿಗಳು ಹೊಲಿದು ಮುಗಿದಾಗ ದೊಡ್ಡವರಿಗೆಂದು ಮಾಡಿದ್ದು ದೊಡ್ಡವರ ಭುಜ ದಾಟಿ ಇಳಿಯಲಿಲ್ಲ. ಯಜಮಾನರು ಮಾವನನ್ನೂ ಶೀಟಕ್ಕನನ್ನೂ ಎದುರಿಗೆ ನಿಲ್ಲಿಸಿ ಕೇಳಿದರು. ಮಾವ ಹೇಳಿದ್ದು ಇಷ್ಟು: "ಇದು ಮಾಮೂಲಿ ಶೀಟು ಅಂತ ಹೇಳಿ ಹೋದ್ಲು."

ಅದು ಶುದ್ಧ ಸುಳ್ಳು. ಕತೆಯ ಕೊನೆಯವರೆಗೆ ಇದನ್ನು ಬಚ್ಚಿಟ್ಟುಕೊಳ್ಳುವ ಜಾಣತನ ನನಗೆ ಬೇಡ. ಶೀಟಕ್ಕನನ್ನು ಮೇಜಿನಿಂದ ತೆಗೆದು ದಾರ ಕತ್ತರಿಸುವ ಕಡೆಗೆ ಹಾಕಿದರು. ಹೊಲಿದ ಅಂಗಿಯ ಉಳಿಕೆ ದಾರವನ್ನು ಪುಟ್ಟ ಕತ್ತರಿಯಿಂದ ತೆಗೆಯುವ, ದಿನವಿಡೀ ನಿಂತೇ ಮಾಡುವ ಕೆಲಸ. ನಿನ್ನೆ ಸೇರಿದವರನ್ನು ಹಾಕುವ ಜಾಗ ಅದು. ಮನೆಯಲ್ಲಿ ಮಾವ "ಅವಳಿಗೆ ಈಚೆಗೆ ಕೆಲಸದ ಮೇಲೆ ಗಮನ ಇಲ್ಲ" ಎಂದರು. ನಾನೂ ಸಾರು ಬಡಿಸುತ್ತ, "ಪಾಪ, ಅಮ್ಮನ ಚಿಂತೆ ಇರ್ಬೇಕು" ಎಂದು ನಂಬಿದೆ.

ಅದಾಗಿ ಹತ್ತು ದಿನಕ್ಕೆ ಮಾವ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ನಾನು ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುವವಳು.

"ಅಮ್ಮಾ, ನಂಗೆ ಒಂದಿಷ್ಟು ಇಂಗ್ಲಿಷ್ ಹೇಳ್ಕೊಡ್ತೀಯಾ? ನಾಯಿ, ಬೆಕ್ಕು, ಮಾವಿನಹಣ್ಣು ಎಲ್ಲ ಬೇಡ. ಮಾಡೋ ಮಾತು ಅಷ್ಟೇ ಸಾಕು."

"ಮಾಡೋ ಮಾತಾ?"

"ಹೂಂ. ಮಡಚು, ತಿರುಗಿಸು, ಹಿಡಿ, ಬಿಡು. ಶೀಟಿನ ಪ್ರತಿ ಸಾಲೂ ಒಂದು ಮಾಡೋ ಮಾತಿಂದಲೇ ಶುರುವಾಗೋದು."

ಕ್ರಿಯಾಪದಕ್ಕೆ ಇಷ್ಟು ಒಳ್ಳೆಯ ಹೆಸರನ್ನು ಯಾವ ವ್ಯಾಕರಣದವರೂ ಇಟ್ಟಿಲ್ಲ. ಅತ್ತೆ ಮಾತ್ರ ಹೊರಗಿಂದಲೇ, "ಈ ವಯಸ್ಸಲ್ಲಿ ಯಾವ ದೊರೆ ಮುಂದೆ ಮಾತಾಡೋಕೆ ಹೊರಟ್ರಂತೆ?" ಎಂದು ನಕ್ಕರು. ಮಾವ ನಗಲಿಲ್ಲ. ಅವರಿಗೆ ಅಷ್ಟು ತುರ್ತು ಯಾಕೆಂದು ನಾನೂ ಕೇಳಲಿಲ್ಲ.

ಬೆಳಿಗ್ಗೆ ನಾನು ತರಕಾರಿ ಹೆಚ್ಚುವ ಹೊತ್ತೇ ಪಾಠದ ಹೊತ್ತು. ಮಾವ ಕಂದು ಬಣ್ಣದ ಪ್ಯಾಟರ್ನ್ ಕಾಗದದ ತುಂಡುಗಳನ್ನು ತಂದು, ಒಂದೊಂದರ ಮೇಲೆ ಒಂದೊಂದು ಮಾತು ಬರೆದುಕೊಳ್ಳುತ್ತಿದ್ದರು. ಇಂಗ್ಲಿಷ್ ಅಕ್ಷರ ಮೇಲೆ, ನಮ್ಮ ಅಕ್ಷರ ಕೆಳಗೆ. ಕಟ್, ಫೋಲ್ಡ್, ಹೋಲ್ಡ್, ಟರ್ನ್, ಪುಟ್, ಟೇಕ್. ಬಾಯಲ್ಲಿ ಹೇಳಿದ್ದು ಅವರ ತಲೆಗೆ ಹತ್ತುತ್ತಿರಲಿಲ್ಲ. ಕೈಯಲ್ಲಿ ಮಾಡಿ ತೋರಿಸಿದರೆ ಮಾತ್ರ ಕೂಡಲೇ ಹತ್ತುತ್ತಿತ್ತು. ಒರೆಸುವ ಬಟ್ಟೆ ಕೊಟ್ಟು "ಫೋಲ್ಡ್" ಎಂದರೆ ಎಂಟು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ನನ್ನ ಮುಂದಿಡುತ್ತಿದ್ದರು. ಬ್ರಿಂಗ್ ಮತ್ತು ಟೇಕ್ ಕಲಿಯಲು ಒಂದು ಚೊಂಬು ನೀರನ್ನು ಬಚ್ಚಲಿಗೂ ಅಡುಗೆಮನೆಗೂ ಏಳು ಸಲ ಹೊತ್ತರು. ನನ್ನ ಕಡೆ ಬರುವಾಗ ಬ್ರಿಂಗ್, ನನ್ನಿಂದ ಹೋಗುವಾಗ ಟೇಕ್.

ನಿನ್ನೆಯ ಮಾತುಗಳ ಸರದಿ ಬಂದಾಗ ಕಷ್ಟ ಶುರುವಾಯಿತು. ಫೋಲ್ಡ್ ನಿನ್ನೆಗೆ ಫೋಲ್ಡೆಡ್ ಎಂದ ಮೇಲೆ ಕಟ್ ಕೂಡ ಕಟ್ಟೆಡ್ ಆಗಬೇಕೆಂದು ಹಟ ಹಿಡಿದರು. ಇಲ್ಲ ಮಾವ, ಅದು ಇವತ್ತಿಗೂ ಕಟ್, ನಿನ್ನೆಗೂ ಕಟ್ ಎಂದೆ. ಕಾಗದದ ತುಂಡಿನ ಮೇಲೆ ಕಟ್ ಎಂದು ಎರಡು ಸಲ ಬರೆದು, "ಅದೂ ಸರಿಯೇ. ಕತ್ತರಿಸಿದ ಮೇಲೆ ಇನ್ನೇನು ಬದಲಾಯಿಸೋಕಾಗುತ್ತೆ" ಎಂದರು. ನಾನು ಈ "ಕಟ್ಟೆಡ್" ಕತೆಯನ್ನು ಶಾಲೆಯ ಟೀಚರುಗಳ ಮುಂದೆ ಅಭಿನಯಿಸಿ ತೋರಿಸಿದೆ, ಮಾವನ ದನಿಯಲ್ಲೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದನ್ನು ಬರೆಯುವಾಗ ನನ್ನ ಮುಖ ನನಗೇ ಬೇಡವಾಗುತ್ತಿದೆ.

ಇನ್ನೊಂದು ದಿನ ಮೇಕ್ ಮತ್ತು ಡೂ ಬಂದವು. ನಾವು ಎರಡಕ್ಕೂ ಮಾಡು ಎಂದೇ ಅನ್ನುತ್ತೇವೆ, ಮಾವನಿಗೆ ಇದು ದೊಡ್ಡ ಗೋಜಲು.

"ಅಡುಗೆ ಮಾಡೋದಕ್ಕೆ?"

"ಮೇಕ್ ಅನ್ನಬಹುದು ಮಾವ."

"ಕೆಲಸ ಮಾಡೋದಕ್ಕೆ?"

"ಡೂ."

"ತಪ್ಪು ಮಾಡೋದಕ್ಕೆ?"

"ಮೇಕ್."

"ಅಡುಗೆ ಥರಾನೇ. ಕೈಯಾರೆ ಮಾಡ್ಕೊಂಡಿದ್ದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬರೆದುಕೊಂಡರು. ಆಮೇಲೆ, "ಒಬ್ಬರ ಮೇಲೆ ತಪ್ಪು ಹೊರಿಸೋದಕ್ಕೆ?" ಎಂದು ಕೇಳಿದರು. ಅದು ನಿಮ್ಮ ಶೀಟಿನಲ್ಲಿ ಬರಲ್ಲ ಬಿಡಿ ಎಂದು ನಾನು ಈರುಳ್ಳಿ ಹೆಚ್ಚತೊಡಗಿದೆ.

ಹೀಗೆ ನಾಲ್ಕು ತಿಂಗಳು ನಡೆಯಿತು. ಕಾಗದದ ತುಂಡುಗಳು ನೂರು ದಾಟಿದವು. ಕಾರ್ಖಾನೆಯಲ್ಲಿ ಓದುವುದಕ್ಕೆ ಬೇರೆ ಹೆಂಗಸು ಬಂದಿದ್ದಳು, ಶೀಟಕ್ಕ ದಾರ ಕತ್ತರಿಸುತ್ತಲೇ ಇದ್ದಳು. ಒಂದು ಭಾನುವಾರ ನಾನು ಪೇಟೆಯಲ್ಲಿ ಸಿಕ್ಕಾಗ ಅವಳ ಕಾಲು ಊದಿಕೊಂಡಿತ್ತು. "ಅಣ್ಣ ಹೇಗಿದ್ದಾರೆ?" ಎಂದು ಮೊದಲು ಕೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನನ್ನಿಂದ ಅವರಿಗೆ ತಲೆ ತಗ್ಗಿಸೋ ಹಾಗಾಯ್ತು. ನಾನು ಹೇಳಿ ಹೋದೆ ಅಂತಲೇ ನಂಗೆ ನೆನಪು. ಆದ್ರೆ ಅಣ್ಣ ಯಾಕೆ ಸುಳ್ಳು ಹೇಳ್ತಾರೆ? ಆ ಗಾಬರೀಲಿ ನಾನೇ ಬಾಯಿ ತೆಗೀಲಿಲ್ಲವೇನೋ" ಎಂದಳು. ನಾನು ದೊಡ್ಡ ಮನಸ್ಸಿನವಳ ಹಾಗೆ, "ಹೋಗ್ಲಿ ಬಿಡಿ ಅಕ್ಕ, ಯಾರಿಗಾದ್ರೂ ಆಗುತ್ತೆ" ಎಂದು ಸಮಾಧಾನ ಹೇಳಿ ಬಂದೆ.

ಇದನ್ನು ಮನೆಗೆ ಬಂದು ಮಾವನಿಗೆ ಹೇಳಿದೆ. ಮಾರನೆಯ ಬೆಳಿಗ್ಗೆ ಪಾಠಕ್ಕೆ ಕಂದು ಕಾಗದ ತರಲಿಲ್ಲ. ಅಂಗಿಯ ಜೇಬಿನಿಂದ ಬೇರೊಂದು ಕಾಗದ ತೆಗೆದರು. ಮಡಿಕೆ ಬಿದ್ದ ಕಡೆ ಹರಿಯುವಷ್ಟು ಹಳತಾದ ಆರ್ಡರ್ ಶೀಟು.

"ನಾನೇ ಓದ್ತೀನಿ. ತಪ್ಪಿದ್ರೆ ಮಾತ್ರ ಹೇಳು."

ಅಕ್ಷರದ ಕೆಳಗೆ ಬೆರಳು ಓಡಿಸುತ್ತ ಓದಿದರು. ಫೋಲ್ಡ್ ಬಂತು, ಟರ್ನ್ ಬಂತು, ಚೆಕ್ ಬಂತು. ಆರನೆಯ ಸಾಲಿಗೆ ಬೆರಳು ನಿಂತಿತು. "ಆ್ಯಡ್" ಎಂದರು. ಆಮೇಲೆ ಅರ್ಧ ಇಂಚಿನ ಅಂಕಿ, ಆಮೇಲೆ ಮಾರ್ಜಿನ್ನಿಗೆ ಬರೆದ ಎರಡು ಪದ, ಅವನ್ನೂ ಎಡವುತ್ತ ಮುಗಿಸಿದರು. ಸರಿಯಾಗಿ ಓದಿದರೆಂದು ನಾನು ಚಪ್ಪಾಳೆ ತಟ್ಟಿದೆ, ಮೂರನೇ ಕ್ಲಾಸಿನ ಟೀಚರು ನೋಡಿ.

"ಇಷ್ಟೇನಾ ಇದ್ದಿದ್ದು?" ಎಂದರು. "ಎ, ಡಿ, ಡಿ. ಮೂರೇ ಅಕ್ಷರ."

ಆಗ ಎಲ್ಲ ಹೇಳಿದರು. ಯಜಮಾನರ ಮುಂದೆ ಓದಿದಂತೆ ನಟಿಸಿದ್ದು, ಶೀಟಕ್ಕನ ಮೇಲೆ ಹೊರಿಸಿದ್ದು, ಯಾವುದನ್ನೂ ಬಿಡಲಿಲ್ಲ. ನಾನು ಮಾವ ಎಂಬ ಮರ್ಯಾದೆಯನ್ನು ಬದಿಗಿಟ್ಟು, ಅವತ್ತೇ ಯಾಕೆ ಹೇಳಲಿಲ್ಲ, ಮಾರನೆಯ ದಿನವಾದರೂ ಹೇಳಬಹುದಿತ್ತಲ್ಲ, ನಾಲ್ಕು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೂಗಿಯೇ ಕೇಳಿದೆ.

"ಕಲಿತಾ ಇದ್ದೆ" ಎಂದರು.

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಮಾವ ಶೀಟನ್ನು ಹಳೆಯ ಮಡಿಕೆಗೇ ಮಡಚಿದರು. "ಓದೋಕೆ ಬರಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲಮ್ಮ. ಮೊದ್ಲು ಕಲಿತುಬಿಟ್ರೆ, ಆಗ ಬರ್ತಿರ್ಲಿಲ್ಲ, ಈಗ ಬರುತ್ತೆ ಅಂತ ಹೇಳಬಹುದು ಅಂದ್ಕೊಂಡೆ. ಅಷ್ಟರಲ್ಲಿ ಅವಳ ಕಾಲು ಊದಿಕೊಳ್ತು."

ಅಂದರೆ ಅವರ ಮರ್ಯಾದೆ ಹೊಲಿದು ಸಿದ್ಧವಾಗುವವರೆಗೆ ಅವಳು ಅಲ್ಲಿ ನಿಂತಿದ್ದಳು. ಆ ಹೊಲಿಗೆಗೆ ದಿನಾ ಬೆಳಿಗ್ಗೆ ದಾರ ಪೋಣಿಸಿ ಕೊಟ್ಟವಳು ನಾನು.

"ಇವತ್ತು ಹೇಳಿ ಬನ್ನಿ" ಎಂದಷ್ಟೇ ಅಂದೆ.

ಸಂಜೆ ಮಾವ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತರು. ನಾನು ಬಡಿಸುತ್ತ ಕೇಳಿದ ಮೇಲೆ ಒಂದೊಂದಾಗಿ ಹೇಳಿದರು. ಮೊದಲು ಯಜಮಾನರ ಕೋಣೆಗೆ ಹೋಗಿದ್ದಾರೆ. ಅವರು ಎಲ್ಲ ಕೇಳಿಸಿಕೊಂಡು, ಎಂದೂ ಆಡದ ಬಿರುಸು ಮಾತನ್ನು ಆಡಿದ್ದಾರೆ. ಶೀಟಕ್ಕನನ್ನು ನಾಳೆಯಿಂದ ಮೇಜಿಗೆ ಕಳಿಸಿ, ನಿಮ್ಮ ವಿಚಾರ ಆಮೇಲೆ ನೋಡುತ್ತೇನೆ ಎಂದಿದ್ದಾರೆ. ಅಲ್ಲಿಂದ ಮಾವ ನೇರವಾಗಿ ದಾರ ಕತ್ತರಿಸುವ ಕಡೆ ಹೋಗಿ, ಅಲ್ಲಿದ್ದ ಇಪ್ಪತ್ತು ಹೆಂಗಸರ ಎದುರಿಗೇ ಹೇಳಿದ್ದಾರೆ. ನನಗೆ ಓದಲು ಬರುತ್ತಿರಲಿಲ್ಲ, ಇವಳು ಹೇಳಿಯೇ ಹೋಗಿದ್ದಳು, ನಾನು ಸುಳ್ಳು ಹೇಳಿದೆ ಎಂದು.

"ಶೀಟಕ್ಕ ಎಷ್ಟು ಬೈದ್ರು?" ಎಂದೆ.

"ಬೈದಿದ್ರೆ ಈ ಅನ್ನ ಒಳಗೆ ಇಳೀತಿತ್ತು." ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಇತ್ತು. "ಕತ್ತರಿ ಕೆಳಗಿಟ್ಲು. ಹಾಗಾದ್ರೆ ನಾನು ಹೇಳಿದ್ದೆ, ಅಲ್ವಾ ಅಣ್ಣ ಅಂತ ಎರಡೆರಡು ಸಲ ಕೇಳಿದ್ಲು. ಹೂಂ, ನೀನು ಹೇಳಿದ್ದೆ ಕಣಮ್ಮ ಅಂದೆ. ಪಕ್ಕದವಳ ಭುಜ ಅಲ್ಲಾಡಿಸಿ, ನೋಡೇ, ನಾನು ಹೇಳಿದ್ನಂತೆ, ನಂಗೇನೂ ಮರೆವು ಬಂದಿಲ್ವಂತೆ ಅಂತ ನಕ್ಕುಬಿಟ್ಲು. ಅಮ್ಮನಿಗೆ ಬಂದ ಹಾಗೆ ತನಗೂ ಬುದ್ಧಿ ಮಸುಕಾಗ್ತಿದೆ ಅಂತ ಹೆದರ್ಕೊಂಡಿದ್ಲಂತೆ, ಇಷ್ಟು ದಿನ."

ನಾನು ಸಾರಿನ ಪಾತ್ರೆ ಕೆಳಗಿಟ್ಟು ಅವರೆದುರು ಕೂತೆ.

"ಹೇಳಿದ್ದಕ್ಕೆ ದೊಡ್ಡ ಉಪಕಾರ ಆಯ್ತು ಅಂದ್ಲಮ್ಮ" ಎಂದರು ಮಾವ. "ನಂಗೆ. ಉಪಕಾರ ಆಯ್ತು ಅಂದ್ಲು."