ಕಬ್ಬಿನ ಗರಿಯ ದಡಿ

ಕಳೆದ ವಾರ ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಒಮ್ಮೆಲೇ ಬನಹಟ್ಟಿಯ ನಮ್ಮ ಓಣಿ, ಹಗಲೆಲ್ಲ ಮಗ್ಗದ ಸದ್ದು, ಪಕ್ಕದ ಮನೆಯ ಕಟ್ಟೆಯ ಮೇಲೆ ಗ್ರಾಫ್ ಹಾಳೆ ಹರವಿಕೊಂಡು ಕುಳಿತ ಕಾಕು...

ಕಾಕುವಿನ ಗಂಡ, ನಾವು ಕಾಕಾ ಎನ್ನುತ್ತಿದ್ದವರು, ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುವವರು. ಹಾಳೆಯ ಒಂದು ಚೌಕ ಎಂದರೆ ಮಗ್ಗದ ಒಂದು ಎಳೆ. ಕಾಕಾ ಗೆರೆ ಎಳೆದರೆ ಚೌಕ ತುಂಬುವುದು ಕಾಕುವಿನ ಕೆಲಸ. ನಾನು ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದ ವರ್ಷ ಕಾಕಾಗೆ ಲಕ್ವಾ ಹೊಡೆದು ಬಲಗೈ ನಿಂತುಹೋಯಿತು. ಪೆನ್ಸಿಲ್ಲು ಕಾಕುವಿನ ಕೈಗೆ ಬಂತು. ಹಳೆಯ ನಕ್ಷೆಗಳನ್ನು ಅವರು ಒಂದು ಚೌಕವೂ ತಪ್ಪದಂತೆ ನಕಲು ತೆಗೆಯುತ್ತಿದ್ದರು. ಆದರೆ ಮಗ್ಗದ ಸಾಹುಕಾರರಿಗೆ ಹೊಸದು ಬೇಕಿತ್ತು. ದೀಪಾವಳಿಯೊಳಗೆ ಕೊಡದಿದ್ದರೆ ಬೇರೆಯವರಿಂದ ಬರೆಸುವುದಾಗಿ ಹೇಳಿಹೋಗಿದ್ದರು.

"ಕೈ ಓಡತೈತಿ ತಂಗಿ, ತಲಿ ಓಡವಲ್ದು," ಎಂದರು ಕಾಕು ಒಂದು ದಿನ.

ಅದೇ ದಿನಗಳಲ್ಲಿ ಸೋದರಮಾವ ನನಗೊಂದು ಹಳೆಯ ಕ್ಯಾಮೆರಾ ಕೊಟ್ಟಿದ್ದರು. ಮುಧೋಳದ ಹತ್ತಿರ ಅವರ ಕಬ್ಬಿನ ಹೊಲದಲ್ಲಿ ಮೊದಲ ರೋಲು ಮುಗಿಸಿದೆ. ಬಂದದ್ದೆಲ್ಲ ಅಲುಗಿದ ಕಪ್ಪು-ಬಿಳುಪು ಚಿತ್ರಗಳೇ. ಸ್ಟುಡಿಯೋದವರು ನಕ್ಕರು, ಮನೆಗೆ ಬಂದರೆ ಅಣ್ಣನೂ ನಕ್ಕ. ಕಾಕುವಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಹರಿಯತೊಡಗಿದೆ. ಅವರು ನನ್ನ ಕೈ ಹಿಡಿದರು.

"ತಡಿ ತಂಗಿ. ಏನಿದು?"

"ಕಬ್ಬಿನ ಗರಿ. ಕೈ ಅಳ್ಳಾಡಿ ಕೆಟ್ಟೈತ್ರಿ."

ಅವರು ಚಿತ್ರವನ್ನು ಅಡ್ಡ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು. "ಗರಿ ಮರತಬಿಡು. ಕರೇದು, ಬಿಳೇದು ಹೆಂಗ ಓಡ್ಯಾವ ನೋಡು."

ಎಂಟು ದಿನ ಇಬ್ಬರೂ ಕೂತೆವು. ಚಿತ್ರದ ಮೇಲೆ ನಾನು ಸಣ್ಣ ಚೌಕಗಳನ್ನು ಗೀರಿದೆ. ಕಪ್ಪಿದ್ದದ್ದನ್ನು ಅವರು ಹಾಳೆಯಲ್ಲಿ ತುಂಬಿದರು, ಬೇಡವೆನಿಸಿದ್ದನ್ನು ಬಿಟ್ಟರು. ಒಳಗೆ ಮಲಗಿದ್ದ ಕಾಕಾಗೆ ತೋರಿಸಿದಾಗ ಎಡಗೈ ಎತ್ತಿ ಒಂದೇ ಒಂದು ಗೆರೆ ತಿದ್ದಿಸಿದರು.

ಸಾಹುಕಾರರು ಹುಬ್ಬು ಗಂಟಿಕ್ಕಿದರು. "ಹೂವಿಲ್ಲ, ನವಿಲಿಲ್ಲ. ಏನಂತ ಹೇಳಿ ಮಾರಲಿ?"

ಅವರೆದುರು ಎಂದೂ ಬಾಯಿ ತೆರೆಯದ ಕಾಕು ಬಾಗಿಲು ದಾಟಿ ಈಚೆ ಬಂದರು. "ಒಂದ ಸೀರಿ ನೇಸಿ ನೋಡ್ರಿ. ಬ್ಯಾಡಾದ್ರ ನಾಳಿಂದ ನಮ್ಮನಿಗೆ ಬರಬ್ಯಾಡ್ರಿ."

ನೇಯಿಸಿದರು. ಅದನ್ನು ಮೊದಲು ಎತ್ತಿಟ್ಟುಕೊಂಡವರು ಸಾಹುಕಾರರ ಹೆಂಡತಿಯೇ. ಆ ದೀಪಾವಳಿಗೆ ನಾಲ್ಕು ಮಗ್ಗಗಳಲ್ಲಿ ಕಬ್ಬಿನ ಗರಿಯ ದಡಿ ಓಡಿತು. ಆಮೇಲೆ ಕಾಕು ನನ್ನಿಂದ ಚಿತ್ರ ಕೇಳಿ ಪಡೆಯತೊಡಗಿದರು. ಒಣಹಾಕಿದ ನೂಲು, ಬಿರುಕು ಬಿಟ್ಟ ಗೋಡೆ, ಕೃಷ್ಣೆಯ ದಂಡೆಯ ಮರಳು...

ಈಗ ನಾನು ಕೆಲಸದಿಂದ ನಿವೃತ್ತಿಯಾಗಿದ್ದೇನೆ. ನಾನೇ ತೆಗೆದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ, ಹಿಗ್ಗಿಸಿ, ಬಣ್ಣ ಬೇರ್ಪಡಿಸಿ, ಇಂಥದ್ದೇ ಎಂದು ಗುರುತು ಹೇಳಲಾಗದ ಚಿತ್ರಗಳನ್ನು ಮಾಡುತ್ತೇನೆ. ಕಾಕು ಇದನ್ನೆಲ್ಲ ನೋಡಲಿಲ್ಲ. ನಾನು ಧಾರವಾಡದಲ್ಲಿದ್ದಾಗ ತೀರಿಕೊಂಡರು. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರದೊಂದು ಫೋಟೊ ಕೂಡ ನನ್ನಲ್ಲಿಲ್ಲ. ಕ್ಯಾಮೆರಾ ಎತ್ತಿದಾಗಲೆಲ್ಲ, "ನನ್ನ ಮಾರಿ ತಗದು ಏನ ನೇಸ್ತಿ?" ಎಂದು ಮುಖಕ್ಕೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಅವರಿಗೆ ತೋರಿಸಬೇಕೆನಿಸುವ ಚಿತ್ರಗಳು ಮಾತ್ರ ವಾರಕ್ಕೊಂದರಂತೆ ಹೆಚ್ಚುತ್ತಲೇ ಇವೆ.