ಕತ್ತರಿ ಮೇಡಂ ಮತ್ತು ಗಿಡ್ಡ ಪಟ್ಟಿ

ಕತ್ತರಿ ಮೇಡಂಗೂ ವಿಜ್ಞಾನದ ಮೇಷ್ಟ್ರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಶಿಕ್ಷಕರ ಕೋಣೆಯಲ್ಲಿ ಒಬ್ಬರು ಫ್ಯಾನ್ ಹಾಕಿದರೆ ಇನ್ನೊಬ್ಬರು ಎದ್ದು ಆರಿಸುತ್ತಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ಮೇಷ್ಟ್ರು ಆಕೆಯ ಚಿತ್ರಕಲೆಯ ಪೀರಿಯಡ್ಡನ್ನು ಹೇಳದೆ ಕೇಳದೆ ನುಂಗಿಹಾಕುತ್ತಿದ್ದರು. "ಹೂವು ಬಿಡಿಸಿ ಮಕ್ಕಳು ಏನು ಕಡಿದು ಕಟ್ಟೆ ಹಾಕ್ಬೇಕು?" ಎನ್ನುವುದು ಅವರ ವಾದ. ಮೇಡಂ ಬಾಯಿಯೂ ಸಣ್ಣದಲ್ಲ. "ನೀವು ಹಲಗೆ ಮೇಲೆ ಬಿಡಿಸಿದ ಹೃದಯ ಬದನೆಕಾಯಿ ಥರ ಇದೆ. ಮೊದಲು ನೀವೇ ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ಳಿ" ಎಂದು ಎಲ್ಲರ ಎದುರಿಗೇ ಅನ್ನುತ್ತಿದ್ದಳು.

ಅವಳು ದರ್ಜಿಯ ಮಗಳು. ಕುಂಚಕ್ಕಿಂತ ಮೊದಲು ಕೈಗೆ ಬಂದದ್ದು ಕತ್ತರಿ. ಕಾಗದದಲ್ಲಿ ಆನೆ, ಸೈಕಲ್ಲು, ಮನುಷ್ಯರ ಮುಖ, ಏನು ಕೇಳಿದರೂ ಗೆರೆ ಎಳೆಯದೆ ಕತ್ತರಿಸಿ ಕೊಡುತ್ತಿದ್ದಳು. ಅಪ್ಪನ ಅಂಗಡಿಯಲ್ಲಿ ಅವಳ ಅಣ್ಣನೂ ಕೆಲಸಕ್ಕೆ ಕೂತಿದ್ದ. ಕಂದು ಅಂಗಿಗೆ ಹಸಿರು ದಾರದಲ್ಲಿ ಗುಂಡಿ ಹೊಲಿದುಬಿಡುತ್ತಿದ್ದ. ಗಿರಾಕಿ ನಗುತ್ತಿದ್ದ, ಅಪ್ಪ ಅಳತೆಗೋಲಿನಿಂದ ಬಾರಿಸುತ್ತಿದ್ದರು. "ಬೇಕೂಂತಲೇ ಮಾಡ್ತಾನೆ, ಕೊಬ್ಬು!" ಮುಂದೆ ಅಣ್ಣ ಡ್ರೈವರ್ ಕೆಲಸಕ್ಕೆ ಹೋದಾಗ ಕಣ್ಣಿನ ಡಾಕ್ಟರು ಕಂಡುಹಿಡಿದರು: ಅವನಿಗೆ ಕೆಂಪು ಹಸಿರಿನ ಭೇದ ಕಾಣುವುದಿಲ್ಲ. ಹುಟ್ಟಿನಿಂದಲೇ ಹಾಗೆ. ತಾಯಿಯ ಮೂಲಕ ಬರುವಂಥದ್ದು, ತಾಯಿಗೆ ಮಾತ್ರ ಎಲ್ಲ ಬಣ್ಣಗಳೂ ನೆಟ್ಟಗೆ ಕಾಣುತ್ತವೆ. ಅಷ್ಟು ಹೊತ್ತಿಗೆ ಅಪ್ಪ ಸತ್ತು ಹೋಗಿದ್ದರು. ಯಾರ ಹತ್ತಿರ ಜಗಳವಾಡುವುದು?

ಇದನ್ನು ಶಾಲೆಯಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ಅಣ್ಣನ ಬೆನ್ನು ಉಳಿಯುತ್ತಿತ್ತು ಎಂಬ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಒಂದು ದಿನ ಕಾಗದದ ಗೊಂಬೆಗಳ ಬುಟ್ಟಿ ಹೊತ್ತು ಒಂಬತ್ತನೇ ತರಗತಿಗೆ ಹೋದಳು.

ಅಮ್ಮಗೊಂಬೆಯ ಬೆನ್ನಿಗೆ ವರ್ಣತಂತುಗಳೆಂದು ಎರಡು ಉದ್ದ ಪಟ್ಟಿಗಳು. ಅಪ್ಪಗೊಂಬೆಯ ಬೆನ್ನಿಗೆ ಒಂದು ಉದ್ದ, ಒಂದು ಗಿಡ್ಡ. ಮಕ್ಕಳು ಕಣ್ಣು ಮುಚ್ಚಿ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಪಟ್ಟಿ ಎಳೆಯಬೇಕು. ಎರಡೂ ಉದ್ದವಾದರೆ ಮಗು ಹೆಣ್ಣು, ಒಂದು ಗಿಡ್ಡವಾದರೆ ಗಂಡು. ಅಮ್ಮನ ಒಂದು ಪಟ್ಟಿಯ ತುದಿಯಲ್ಲಿ ಮೇಡಂ ಬಣ್ಣಗುರುಡಿನ ಗುರುತಿಗೆ ತೂತು ಕೊರೆದಿದ್ದಳು.

"ಈಗ ಎರಡನ್ನೂ ಜೋಡಿಸಿ ಕಿಟಕಿಗೆ ಹಿಡೀರಿ."

ಹೆಣ್ಣುಮಗುವಿನ ತೂತಿನ ಹಿಂದೆ ಅಪ್ಪನ ಉದ್ದ ಪಟ್ಟಿ ನಿಂತಿತ್ತು, ಬೆಳಕು ಬರಲಿಲ್ಲ. ಗಂಡುಮಗುವಿನ ಗಿಡ್ಡ ಪಟ್ಟಿ ತೂತಿನ ತನಕ ಮುಟ್ಟಲೇ ಇಲ್ಲ. ಬಿಸಿಲು ನೇರ ಕಣ್ಣಿಗೆ ಹೊಡೆಯಿತು.

"ಇಷ್ಟೇನಾ ಮಿಸ್? ಇದಕ್ಕಾ ಮೇಷ್ಟ್ರು ವಾರಗಟ್ಟಲೆ ಹಲಗೆ ತುಂಬಿಸಿದ್ದು?" ಎಂದಳು ಮುಂದಿನ ಬೆಂಚಿನ ಹುಡುಗಿ.

ಆ ಮಾತು ಗಂಟೆ ಹೊಡೆಯುವ ಮೊದಲೇ ಮೇಷ್ಟ್ರ ಕಿವಿ ಮುಟ್ಟಿತು. ಅವರು ಬಂದವರೇ ಬುಟ್ಟಿಯನ್ನು ಎತ್ತಿ ಕಾರಿಡಾರಿಗೆ ಎಸೆದರು. ಅಮ್ಮ, ಅಪ್ಪ, ಮಕ್ಕಳೆಲ್ಲ ಚೆಲ್ಲಾಪಿಲ್ಲಿ.

"ಪಾಠ ನನ್ನದು! ನಿಮ್ಮ ಬೊಂಬೆಯಾಟಕ್ಕೆ ಬೇರೆ ಕಡೆ ಜಾಗ ನೋಡ್ಕೊಳ್ಳಿ."

"ಪಾಠ ನಿಮ್ಮದೇ ಸ್ವಾಮಿ. ಅರ್ಥ ಮಾಡ್ಸಿದ್ದು ಮಾತ್ರ ನಾನು."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಮೇಡಂ ಮರುದಿನವೇ ಬಣ್ಣದ ಚುಕ್ಕೆಗಳ ದೊಡ್ಡ ಹಾಳೆ ತಂದು ನೇತುಹಾಕಿದಳು. ಹಸಿರು ಚುಕ್ಕೆಗಳ ನಡುವೆ ಕೆಂಪು ಚುಕ್ಕೆಗಳಲ್ಲಿ ಒಂದು ಮೀನು. ಎಲ್ಲರೂ "ಮೀನು, ಮೀನು" ಎಂದು ಕೂಗಿದರು. ಒಬ್ಬ ಹುಡುಗ ಮಾತ್ರ ಸುಮ್ಮನಿದ್ದ. ಆಳು ಸಣ್ಣ, ಕೋಪ ಜಾಸ್ತಿ, ಗೀರಿದರೆ ಹತ್ತಿಕೊಳ್ಳುತ್ತಾನೆ ಎಂದು ಜೊತೆಯವರು ಅವನನ್ನು ಬೆಂಕಿಪೊಟ್ಟಣ ಎನ್ನುತ್ತಿದ್ದರು.

"ಎಲ್ಲಿದೆ ಮೀನು? ಸುಮ್ನೆ ಆಟ ಆಡಿಸ್ತಿದೀರಾ ಎಲ್ಲ ಸೇರ್ಕೊಂಡು" ಎಂದ.

ಮೇಡಂ ಕಣ್ಣು ಅರಳಿತು. ಅವನನ್ನು ಎಳೆದು ತಂದು ತರಗತಿಯ ಮುಂದೆ ನಿಲ್ಲಿಸಿದಳು. "ನೋಡಿ, ನಾನು ಹೇಳಿರ್ಲಿಲ್ವಾ? ಇವನ ಪಟ್ಟೀಲೂ ತೂತಿದೆ. ಇದು ಇವನ ತಪ್ಪಲ್ಲ, ಅಮ್ಮನ ಕಡೆಯಿಂದ ಬಂದದ್ದು." ತೂತಿನ ಪಟ್ಟಿಯನ್ನೂ ಗಿಡ್ಡ ಪಟ್ಟಿಯನ್ನೂ ಅಂಟಿಸಿ, ಮನೆಯಲ್ಲಿ ತೋರಿಸು ಎಂದು ಅವನ ಜೇಬಿಗಿಟ್ಟಳು. ಅವನ ಕಿವಿ ಕೆಂಪಗಾದದ್ದನ್ನು ಅವಳು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಶಿಕ್ಷಕರ ಕೋಣೆಯ ಬಾಗಿಲು ಧಡ್ ಎಂದಿತು. ಒಳಗೆ ಬಂದದ್ದು ಹುಡುಗನ ತಾಯಿ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನವಳು, ಸಮವಸ್ತ್ರದಲ್ಲೇ ಇದ್ದಳು.

"ಕತ್ತರಿ ಮೇಡಂ ಅಂದ್ರೆ ಯಾರು?"

"ನಾನೇ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ." ಆಕೆ ಪಟ್ಟಿಗಳನ್ನು ಮೇಜಿನ ಮೇಲೆ ಬಿಸಾಡಿದಳು. "ನಮ್ಮತ್ತೆ ಮದುವೆ ಆದಾಗಿಂದ ನನ್ನ ಹೊಡೆಯೋಕೆ ಒಂದು ಕೋಲು ಹುಡುಕ್ತಿದ್ರು. ನೀವು ಕತ್ತರಿಸಿ, ಅಂಟಿಸಿ, ನನ್ನ ಮಗನ ಕೈಲೇ ಕಳಿಸಿಕೊಟ್ರಿ. ದೋಷ ನನ್ನದಂತೆ, ನನ್ನ ತೌರಿನದಂತೆ. ರಾತ್ರಿ ಅನ್ನದ ತಟ್ಟೆ ಮುಂದೆ ಕೂರಿಸಿ ನನ್ನಪ್ಪನ ಕಣ್ಣಿನಿಂದ ಹಿಡಿದು ಮುತ್ತಜ್ಜನ ತನಕ ಜಾಲಾಡಿದ್ರು."

"ಅಯ್ಯೋ, ಅದು ದೋಷ ಅಲ್ಲಮ್ಮ. ಅದು ವಿಜ್ಞಾನ..."

"ವಿಜ್ಞಾನ ನಿಮ್ಮ ಮೇಜಿನ ಮೇಲೆ. ನಮ್ಮನೇಲಿ ಅದು ಬೈಗುಳ. ಹುಡುಗರೆಲ್ಲ ಅವನನ್ನ ತೂತು ತೂತು ಅಂತ ಕರೀತಿದಾರೆ, ಗೊತ್ತಾ ನಿಮಗೆ? ಶಾಲೆಗೇ ಬರಲ್ಲ ಅಂತ ಕೂತಿದಾನೆ."

ಮೇಡಂ ಮೇಜಿನ ಮೇಲಿನ ಪಟ್ಟಿಗಳನ್ನು ಎತ್ತಿಕೊಂಡಳು. ಆಕೆ ಹೋದ ಮೇಲೆ ಮೂಲೆಯಲ್ಲಿದ್ದ ವಿಜ್ಞಾನದ ಮೇಷ್ಟ್ರು ಪತ್ರಿಕೆ ಮಡಿಸಿದರು. ನಗುತ್ತಾರೆಂದು ಅವಳು ಕಾದಳು. ಅವರು ನಗಲಿಲ್ಲ.

"ನಿಮ್ಮ ಪಟ್ಟಿ ಸರಿಯಾಗೇ ಇತ್ತು. ಹುಡುಗನನ್ನ ನಿಲ್ಲಿಸಿದ್ದು ತಪ್ಪು. ನಾನು ಕಪ್ಪೆ ಕೊಯ್ದು ತೋರಿಸ್ತೀನಿ, ಹುಡುಗರನ್ನಲ್ಲ."

ಶತ್ರುವಿನ ಬಾಯಲ್ಲಿ ನಿಜ ಬಂದರೆ ಅದರ ಉರಿಯೇ ಬೇರೆ. ಮೇಷ್ಟ್ರು ನೆಟ್ಟಗೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಸಂಜೆಯೊಳಗೆ ಗೊಂಬೆಗಳ ಬುಟ್ಟಿ ಬೀರುವಿಗೆ ಸೇರಿ ಬೀಗ ಬಿತ್ತು.

ಭಾನುವಾರ ಮೇಡಂ ಹೊಸ ಕಾಗದ, ಕತ್ತರಿ ಹಿಡಿದು ಹುಡುಗನ ಮನೆ ಹುಡುಕಿಕೊಂಡು ಹೋದಳು. ನಾನು ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ ಎಂಬ ಹಟ. ಕಿರಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಹುಡುಗನ ಅಜ್ಜಿ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತಿದ್ದಳು. ಒಳಗೆ ಬಾ ಎನ್ನಲಿಲ್ಲ. ಮೇಡಂ ಹೊಸ್ತಿಲಾಚೆಯೇ ನೆಲಕ್ಕೆ ಕೂತು ಪಟ್ಟಿ ಕತ್ತರಿಸತೊಡಗಿದಳು.

"ನೋಡಿ ಅಮ್ಮಾ. ನಿಮ್ಮ ಸೊಸೆಗೆ ಎಲ್ಲ ಬಣ್ಣ ಕಾಣುತ್ತೆ. ಈ ತೂತು ತನ್ನಲ್ಲಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಅವರೇನು ಅಂಗಡಿಗೆ ಹೋಗಿ ಕೊಂಡು ತಂದಿದ್ದಾ?"

"ತಂದಿದ್ದು ಅವಳೇ ತಾನೆ? ನೀವೇ ಹೇಳಿದ್ದು."

"ತಂದಿದ್ದು ಅವರು. ಮುಚ್ಚದೇ ಬಿಟ್ಟಿದ್ದು ಯಾರು?" ಮೇಡಂ ಸ್ವರ ಏರಿತು. ಅವಳು ಸಮಾಧಾನ ಮಾಡಲು ಬಂದವಳು, ಆದರೆ ನಾಲಿಗೆ ಹಳೆಯದೇ. "ಮಗು ಹೆಣ್ಣಾಗಿದ್ರೆ ಅಪ್ಪನ ಉದ್ದ ಪಟ್ಟಿ ಇದನ್ನ ಮುಚ್ತಿತ್ತು. ಗಂಡು ಬೇಕು ಅಂತ ಕಾದು ಕೂತೋರು ನೀವೇ ಅಲ್ವಾ? ಗಂಡು ಮಾಡಿದ್ದು ಈ ಗಿಡ್ಡ ಪಟ್ಟಿ. ಇದು ನಿಮ್ಮ ಮಗನದ್ದು!"

ಅಜ್ಜಿ ಒಂದು ಕ್ಷಣ ಅದನ್ನೇ ದಿಟ್ಟಿಸಿದಳು. ಆಮೇಲೆ ಬಹುವಚನ ಹಾರಿಹೋಯಿತು.

"ಏನಂದೆ? ನನ್ನ ಮಗನದ್ದು ಗಿಡ್ಡ ಅಂತೀಯೇನೇ? ಮನೆ ಬಾಗಿಲಿಗೆ ಬಂದು?"

ಒಳಗಿನ ಕೋಣೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಸೊಸೆ ನಗು ತಡೆಯಲಾರದೆ ಬಿಟ್ಟ ಪಾತ್ರೆ ಅದು. ಮಗ ಶೇವಿಂಗ್ ನೊರೆಯ ಮುಖದಲ್ಲೇ ಹೊರಗೆ ಬಂದು, "ಎದ್ದು ಹೋಗಿ ಇಲ್ಲಿಂದ, ಇಲ್ಲಾಂದ್ರೆ ಚೆನ್ನಾಗಿರಲ್ಲ" ಎಂದು ಅರಚಿದ. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಮೇಡಂ ಮೆಟ್ಟಿಲಿಳಿಯುವಾಗ ಬೆಂಕಿಪೊಟ್ಟಣ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದ.

"ನನ್ನನ್ನ ಕೇಳಿದ್ರಾ ನೀವು?" ಎಂದ. "ಕ್ಲಾಸಲ್ಲಿ ನಿಲ್ಲಿಸೋ ಮುಂಚೆ ಕೇಳಿದ್ರಾ?"

"ಇಲ್ಲಪ್ಪ. ಕೇಳ್ಬೇಕಿತ್ತು. ತಪ್ಪಾಯ್ತು."

ಅವನು ಮುಖ ತಿರುಗಿಸಿದ. ಮುಂದಿನ ವಾರ ಶಾಲೆಗೇನೋ ಬಂದ, ಆದರೆ ಆ ಶಾಲೆ ಬಿಡುವ ತನಕ ಅವಳ ತರಗತಿಯಲ್ಲಿ ಪೆನ್ಸಿಲ್ ಬಿಟ್ಟು ಬಣ್ಣ ಮುಟ್ಟಲಿಲ್ಲ. ಅವಳೂ ಬಲವಂತ ಮಾಡಲಿಲ್ಲ. ಎಲ್ಲರ ಬಣ್ಣದ ಪೆಟ್ಟಿಗೆಗಳ ಮೇಲೆ ಬಣ್ಣದ ಹೆಸರು ಬರೆದ ಚೀಟಿ ಅಂಟಿಸಿದಳು, ಅಷ್ಟೇ. ಏಕೆಂದು ಯಾರಿಗೂ ಹೇಳಲಿಲ್ಲ.

ಮರುವರ್ಷ ಮುಖ್ಯೋಪಾಧ್ಯಾಯಿನಿ ಬೀರುವಿನ ಬೀಗ ತೆಗೆದರು, ಎರಡು ಷರತ್ತುಗಳ ಮೇಲೆ: ಗೊಂಬೆಗಳು ಯಾರ ಮನೆಯವೂ ಆಗಿರಬಾರದು, ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಹಾಜರಿರಬೇಕು. ಇಬ್ಬರಿಗೂ ಇದು ಗಂಟಲಲ್ಲಿ ಮುಳ್ಳು. ಮೇಷ್ಟ್ರು ಕೈಕಟ್ಟಿ ಹಿಂದೆ ಕೂತು, "ಎಲ್ಲವೂ ಒಂದೇ ಪಟ್ಟಿಯಿಂದ ಬರಲ್ಲ, ಅದನ್ನೂ ಹೇಳಿ" ಎನ್ನುತ್ತಿದ್ದರು. "ಹೇಳೋಕೆ ಬಿಟ್ರೆ ತಾನೆ" ಎನ್ನುತ್ತಿದ್ದಳು ಅವಳು. ಇಬ್ಬರ ಜಗಳ ನೋಡಲೆಂದೇ ಪಕ್ಕದ ತರಗತಿಯ ಮಕ್ಕಳೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ನಿಂತವರೂ ಪಾಠ ಕಲಿತರು. ಆ ಇಬ್ಬರು ಮಾತ್ರ ನಿವೃತ್ತಿಯ ತನಕ ಒಂದು ದಿನವೂ ಒಟ್ಟಿಗೆ ಚಹಾ ಕುಡಿಯಲಿಲ್ಲ.

ಬಸ್ ಪಾಸಿಗಾಗಿ ಮೇಡಂ ತಿಂಗಳಿಗೊಮ್ಮೆ ಆ ಕೌಂಟರಿಗೇ ಹೋಗಬೇಕಿತ್ತು. ಗಾಜಿನಾಚೆ ಹುಡುಗನ ತಾಯಿ ತಲೆ ಎತ್ತದೆ ಪಾಸು ತಳ್ಳುತ್ತಿದ್ದಳು. ಒಂದು ಸಲ ಮಾತ್ರ, ಹಿಂದೆ ಸಾಲು ಉದ್ದವಿದ್ದಾಗಲೇ, ಬಾಯಿ ಬಿಟ್ಟಳು.

"ನಮ್ಮತ್ತೆ ಈಗ ಆ ಮಾತು ಎತ್ತಲ್ಲ."

ಮೇಡಂ ಮುಖ ಬೆಳಗಿತು. "ಅರ್ಥ ಆಯ್ತಾ ಅವರಿಗೆ?"

"ಅರ್ಥ ಎಲ್ಲಿಂದ ಬಂತು? ತೌರಿನ ಸುದ್ದಿ ತೆಗೆದ್ರೆ ನಾನು 'ಗಿಡ್ಡ ಪಟ್ಟಿ' ಅಂತೀನಿ. ಎದ್ದು ಒಳಗೆ ಹೋಗ್ತಾರೆ." ಆಕೆ ಪಾಸಿಗೆ ಮುದ್ರೆ ಒತ್ತಿದಳು. "ಹಾಗಂತ ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ. ಸರೀರಿ ಪಕ್ಕಕ್ಕೆ, ಹಿಂದೆ ಜನ ಕಾಯ್ತಿದಾರೆ."